ಬದುಕುಳಿದವರ ಕಥೆ, ಮಡಿದವರ ಮೊರೆ: ಪ್ರಳಯ ಚಿತ್ರಗಳ ಆಕರ್ಷಣೆ ಮತ್ತು ಕ್ರೈಸ್ತ ನಿರೀಕ್ಷೆ

ಲೋಕವು ಕುಸಿದು ಬೀಳುವುದನ್ನು ಹಣ ತೆತ್ತು ನೋಡುವ ಮನುಷ್ಯನ ಆಸಕ್ತಿ ಇಂದು ನಿನ್ನೆಯದಲ್ಲ. ಚಲನಚಿತ್ರ ಕಲೆ ಇನ್ನೂ ಎಳೆಯದಾಗಿದ್ದ 1916ರಲ್ಲೇ ಡೆನ್ಮಾರ್ಕಿನ ನಿರ್ದೇಶಕ ಆಗಸ್ಟ್ ಬ್ಲೋಮ್ ಅವರು ಧೂಮಕೇತುವೊಂದು ಭೂಮಿಗೆ ವಿನಾಶ ತರುವ ಕಥೆಯನ್ನು ತೆರೆಗೆ ತಂದಿದ್ದರು. ಅಲ್ಲಿಂದಾಚೆಗೆ 1951ರ ‘ವೆನ್ ವರ್ಲ್ಡ್ಸ್ ಕೊಲೈಡ್’, 1972ರ ‘ದಿ ಪೊಸೈಡನ್ ಅಡ್ವೆಂಚರ್’, 1998ರಲ್ಲಿ ಒಂದರ ಬೆನ್ನಿಗೊಂದು ಬಂದ ‘ಡೀಪ್ ಇಂಪ್ಯಾಕ್ಟ್’ ಮತ್ತು ‘ಆರ್ಮಗೆಡ್ಡನ್’, 2009ರ ‘2012’ ಹೀಗೆ ಈ ಪ್ರಕಾರವು ಪ್ರತಿಯೊಂದು ತಲೆಮಾರಿನಲ್ಲೂ ಹೊಸ ರೂಪ ತಾಳಿದೆ. ರೋಲಂಡ್ ಎಮರಿಕ್ ಅವರ ‘2012’ ಒಂದೇ ಜಗತ್ತಿನಾದ್ಯಂತ ಸುಮಾರು 79 ಕೋಟಿ ಡಾಲರ್ ಗಳಿಸಿತು. 2020ರ ಆರಂಭದಲ್ಲಿ ನಿಜವಾದ ಸಾಂಕ್ರಾಮಿಕವು ಮನೆಬಾಗಿಲಿಗೆ ಬಂದಾಗ ಜನರು ಹುಡುಕಿ ನೋಡಿದ ಚಿತ್ರಗಳಲ್ಲಿ 2011ರ ‘ಕಾಂಟೇಜಿಯನ್’ ಕೂಡ ಒಂದು. ಭಯಪಡುವವರು ಭಯದ ಕಥೆಯಿಂದ ದೂರ ಓಡಲಿಲ್ಲ, ಅದರತ್ತಲೇ ಬಂದರು.

ನಮ್ಮ ಗುರುಮಠಗಳಲ್ಲಿ ಅಂತ್ಯಶಾಸ್ತ್ರವನ್ನು ಬೋಧಿಸುವಾಗ ಈ ಚಿತ್ರಗಳನ್ನು ಬದಿಗಿಡುವುದು ವಾಡಿಕೆ. ಆದರೆ ಧರ್ಮಕೇಂದ್ರದ ಪೀಠಗಳಲ್ಲಿ ಕುಳಿತ ವಿಶ್ವಾಸಿಗಳ ಕಲ್ಪನೆಯಲ್ಲಿ ‘ಲೋಕಾಂತ್ಯ’ ಎಂಬ ಪದವು ಎಬ್ಬಿಸುವ ಚಿತ್ರಗಳು ಬಹುಮಟ್ಟಿಗೆ ಬಂದಿರುವುದು ತೆರೆಯಿಂದಲೇ ಹೊರತು ಪವಿತ್ರ ಗ್ರಂಥದಿಂದಲ್ಲ. ಆದ್ದರಿಂದ ಎರಡು ಪ್ರಶ್ನೆಗಳನ್ನು ಇಲ್ಲಿ ಪರಿಶೀಲಿಸುವುದು ಉಚಿತ. ಈ ಚಿತ್ರಗಳು ಮನುಷ್ಯನಿಗೆ ಏನನ್ನು ಕೊಡುತ್ತವೆ? ಅವು ಕೊಡಲಾಗದ ಯಾವುದನ್ನು ಕ್ರೈಸ್ತ ನಿರೀಕ್ಷೆಯು ಕೊಡುತ್ತದೆ?

ಪದವೊಂದನ್ನು ಮೊದಲೇ ಸ್ಪಷ್ಟಪಡಿಸಬೇಕು. ಇಂಥ ಚಿತ್ರಗಳನ್ನು ಕನ್ನಡದಲ್ಲಿ ಸಹಜವಾಗಿ ‘ಪ್ರಳಯ’ದ ಚಿತ್ರಗಳೆನ್ನುತ್ತೇವೆ. ನೋವನ ಕಾಲದ ಪ್ರವಾಹವೂ ನಮಗೆ ‘ಜಲಪ್ರಳಯ’ವೇ. ಆದರೆ ಭಾರತೀಯ ಚಿಂತನೆಯಲ್ಲಿ ಪ್ರಳಯವೆಂದರೆ ಲಯ. ಅದರ ಹಿಂದೆ ಮತ್ತೆ ಸೃಷ್ಟಿ, ಮತ್ತೆ ಲಯ. ‘2012’ ಚಿತ್ರವು ಕೊನೆಯಲ್ಲಿ ಹೊಸ ಶಕೆಯ ಮೊದಲನೆಯ ವರ್ಷವನ್ನು ತೋರಿಸಿ ಮುಗಿಯುವಾಗ ಅದೂ ಇದೇ ಚಕ್ರವನ್ನು ತಿರುಗಿಸುತ್ತದೆ. ಕ್ರೈಸ್ತ ವಿಶ್ವಾಸದ ಅಂತ್ಯವು ಇದಲ್ಲ. ಅದು ಸೃಷ್ಟಿಯ ಪೂರ್ಣತೆ, ಕ್ರಿಸ್ತರ ಪುನರಾಗಮನ. ಒಂದೇ ಪದವನ್ನು ಎರಡಕ್ಕೂ ಬಳಸುವಾಗ ಈ ಅಂತರವು ಕೇಳುಗನ ಗಮನಕ್ಕೆ ಬಾರದೆ ಹೋಗುತ್ತದೆ.

ದಡದಲ್ಲಿ ನಿಂತವನ ಸುಖ

ಆಕರ್ಷಣೆಯ ಮೊದಲ ಕಾರಣ ಬಹಳ ಹಳೆಯದು. ಕ್ರಿಸ್ತಪೂರ್ವದ ರೋಮನ್ ಕವಿ ಲುಕ್ರೇಶಿಯಸ್, ಬಿರುಗಾಳಿಗೆ ಸಿಕ್ಕಿದವರನ್ನು ದಡದಲ್ಲಿ ನಿಂತು ನೋಡುವುದರಲ್ಲಿ ಒಂದು ಬಗೆಯ ಸುಖವಿದೆಯೆಂದು ಗುರುತಿಸಿದ್ದನು. ಇತರರ ಸಂಕಟವಲ್ಲ, ತಾನು ಅದರಿಂದ ಪಾರಾಗಿರುವ ಅರಿವೇ ಆ ಸುಖದ ಮೂಲವೆಂದೂ ಅವನು ವಿವರಿಸಿದ್ದನು. ಚಿತ್ರಮಂದಿರದ ಆಸನವು ಅಂಥದೊಂದು ದಡ. ತೆರೆಯ ಮೇಲೆ ನಗರಗಳು ಮುಳುಗುತ್ತವೆ. ಪ್ರೇಕ್ಷಕನ ಕಾಲು ಒದ್ದೆಯಾಗುವುದಿಲ್ಲ.

ಸಂತ ಅಗಸ್ಟೀನರು ತಮ್ಮ ‘ಕನ್ಫೆಶನ್ಸ್’ ಗ್ರಂಥದ ಮೂರನೆಯ ಭಾಗದಲ್ಲಿ, ಕಾರ್ತೇಜಿನ ರಂಗಮಂದಿರಗಳಲ್ಲಿ ಕಳೆದ ತಮ್ಮ ಯೌವನವನ್ನು ನೆನೆಯುತ್ತಾ ಇದೇ ಪ್ರಶ್ನೆಯನ್ನು ಎತ್ತುತ್ತಾರೆ. ತಾನು ಅನುಭವಿಸಲು ಇಚ್ಛಿಸದ ದುಃಖವನ್ನು ಮನುಷ್ಯನು ರಂಗದ ಮೇಲೆ ನೋಡಲು ಏಕೆ ಬಯಸುತ್ತಾನೆ? ಅವರ ವಿಶ್ಲೇಷಣೆ ಸೂಕ್ಷ್ಮವಾದುದು: ರಂಗಭೂಮಿಯು ಪ್ರೇಕ್ಷಕನನ್ನು ಶೋಕಿಸಲು ಕರೆಯುತ್ತದೆಯೇ ಹೊರತು ನೆರವಾಗಲು ಕರೆಯುವುದಿಲ್ಲ. ಕರುಣೆಯ ಭಾವನೆ ಉಂಟು, ಕರುಣೆಯ ಕಾರ್ಯವಿಲ್ಲ. ಹೀಗೆ ಅನುಭವಿಸಿದ ಕರುಣೆಯು ಕ್ರಮೇಣ ತನ್ನಲ್ಲೇ ತೃಪ್ತಿ ಕಾಣುತ್ತದೆ.

1965ರಲ್ಲಿ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್ ಇಂಥ ಚಿತ್ರಗಳ ಬಗ್ಗೆ ಬರೆದ ಪ್ರಸಿದ್ಧ ಪ್ರಬಂಧವು ಈ ವಿಶ್ಲೇಷಣೆಯನ್ನು ಅಣ್ವಸ್ತ್ರಯುಗಕ್ಕೆ ವಿಸ್ತರಿಸಿತೆನ್ನಬಹುದು. ಆಧುನಿಕ ಮನುಷ್ಯನನ್ನು ಎರಡು ಭಯಗಳು ಕಾಡುತ್ತವೆ: ಒಂದು, ಕೊನೆಯಿಲ್ಲದ ನೀರಸ ದಿನಚರಿ, ಇನ್ನೊಂದು, ಊಹೆಗೂ ಮೀರಿದ ಸಾಮೂಹಿಕ ವಿನಾಶ. ವಿನಾಶದ ಚಿತ್ರವು ಮೊದಲನೆಯದರಿಂದ ಬಿಡುಗಡೆ ನೀಡುತ್ತದೆ, ಎರಡನೆಯದನ್ನು ಸಹಿಸಬಹುದಾದ ಅಳತೆಗೆ ತರುತ್ತದೆ ಎಂಬುದು ಆಕೆಯ ವಾದ. ಆದರೆ ಸಹಿಸಲಾರದ್ದನ್ನು ರೂಢಿಯಾಗಿಸುವುದರಲ್ಲಿ ನೈತಿಕ ಅಪಾಯವೂ ಇದೆಯೆಂದು ಆಕೆ ಎಚ್ಚರಿಸಿದ್ದರು.

ತೆರೆ ಸರಿಯುವ ಗಳಿಗೆ

ಆದರೂ ಈ ಆಕರ್ಷಣೆಯನ್ನು ಕೇವಲ ವಿಕೃತ ಕುತೂಹಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಗ್ರೀಕ್ ಭಾಷೆಯ ‘ಅಪೊಕಾಲಿಪ್ಸಿಸ್’ ಎಂಬ ಪದಕ್ಕೆ ನಾಶವೆಂಬ ಅರ್ಥವೇ ಇಲ್ಲ. ಮುಸುಕನ್ನು ತೆಗೆಯುವುದು ಎಂಬುದೇ ಅದರ ಅರ್ಥ. ಒಳ್ಳೆಯ ಪ್ರಳಯ ಚಿತ್ರವು ಈ ಅರ್ಥದಲ್ಲಿ ಮುಸುಕನ್ನು ತೆಗೆಯುತ್ತದೆ. ಸಾಲ, ಬಡ್ತಿ, ಪ್ರತಿಷ್ಠೆ, ಹಳೆಯ ಮನಸ್ತಾಪ ಇವೆಲ್ಲ ಒಂದೇ ಗಳಿಗೆಯಲ್ಲಿ ಹಗುರವಾಗುತ್ತವೆ. ಯಾರು ಯಾರಿಗೆ ಏನಾಗಿದ್ದಾರೆ ಎಂಬುದು ಮಾತ್ರ ಉಳಿಯುತ್ತದೆ. ‘ಡೀಪ್ ಇಂಪ್ಯಾಕ್ಟ್’ ಚಿತ್ರದ ಯುವ ಪತ್ರಕರ್ತೆಯು ಪಾರಾಗಲು ತನಗೆ ದೊರೆತ ಸ್ಥಾನವನ್ನು ಪುಟ್ಟ ಮಗುವಿರುವ ಸಹೋದ್ಯೋಗಿಗೆ ಬಿಟ್ಟುಕೊಟ್ಟು, ಬಹುಕಾಲದಿಂದ ಮುನಿಸಿಕೊಂಡಿದ್ದ ತಂದೆಯ ಬಳಿಗೆ ಹೋಗುತ್ತಾಳೆ. ಕಡಲು ಎದ್ದುಬರುವಾಗ ಇಬ್ಬರೂ ಅಪ್ಪಿಕೊಂಡು ನಿಂತಿರುತ್ತಾರೆ.

ಸಾವಿನ ಮಾತನ್ನು ಎತ್ತಲು ಹಿಂಜರಿಯುವ ಸಮಾಜದಲ್ಲಿ ಇಂಥ ದೃಶ್ಯಗಳು ಆ ಮಾತಿಗೆ ಅನುಮತಿ ನೀಡುತ್ತವೆ. ನಾಳೆಯೇ ಎಲ್ಲವೂ ಮುಗಿಯುವುದಾದರೆ ಇಂದು ಯಾರೊಡನೆ ರಾಜಿಯಾಗಬೇಕು ಎಂಬ ಪ್ರಶ್ನೆಯನ್ನು ನಮ್ಮ ತಪಸ್ಸುಕಾಲದ ಪ್ರಬೋಧನೆಗಳೂ ಕೇಳುತ್ತವೆ. ಅದೇ ಪ್ರಶ್ನೆಯನ್ನು ಚಿತ್ರಮಂದಿರದಲ್ಲಿ ಕೇಳಿ ಕಣ್ಣೀರಿಟ್ಟವನು ದೇವಾಲಯದಲ್ಲಿ ಅದಕ್ಕೆ ಕಿವುಡನಾಗಿರುತ್ತಾನೆಂದು ಭಾವಿಸಬೇಕಿಲ್ಲ.

ನಾವೆಯ ಆಸನಗಳು

ಈ ಚಿತ್ರಗಳ ನಿಜವಾದ ದೌರ್ಬಲ್ಯವಿರುವುದು ಹಿಂಸೆಯಲ್ಲಿ ಅಥವಾ ವಿಜ್ಞಾನದ ತಪ್ಪುಗಳಲ್ಲಿ ಅಲ್ಲ, ಅವುಗಳ ಎಣಿಕೆಯಲ್ಲಿ. ಬಹುಪಾಲು ಪ್ರಳಯ ಚಿತ್ರಗಳಲ್ಲಿ ಒಂದು ನಾವೆ ಇರುತ್ತದೆ. 1951ರ ಚಿತ್ರದಲ್ಲಿ ಆಯ್ದ ಕೆಲವರನ್ನು ಹೊತ್ತೊಯ್ಯುವ ರಾಕೆಟ್, ‘ಡೀಪ್ ಇಂಪ್ಯಾಕ್ಟ್’ನಲ್ಲಿ ಹತ್ತು ಲಕ್ಷ ಜನರಿಗಾಗಿ ಸುಣ್ಣಕಲ್ಲಿನಲ್ಲಿ ಕೊರೆದ ಗುಹೆಗಳು, ಅವರಲ್ಲಿ ಎಂಟು ಲಕ್ಷ ಮಂದಿ ಲಾಟರಿಯಿಂದ ಆಯ್ಕೆಯಾಗುವವರು, ಲಾಟರಿಯಲ್ಲಿ ಐವತ್ತು ವರ್ಷ ದಾಟಿದವರಿಗೆ ಸ್ಥಾನವಿಲ್ಲ, ‘2012’ರಲ್ಲಿ ಹಿಮಾಲಯದಲ್ಲಿ ನಿರ್ಮಿಸಿದ ಬೃಹತ್ ನೌಕೆಗಳು, ಅವುಗಳಲ್ಲಿ ಒಂದು ಆಸನದ ಬೆಲೆ ನೂರು ಕೋಟಿ ಯೂರೋ. ಪ್ರೇಕ್ಷಕನಿಗೆ ಮಾತ್ರ ಯಾವ ಲಾಟರಿಯೂ ಇಲ್ಲ. ಕ್ಯಾಮೆರಾ ನಾಯಕನ ಕುಟುಂಬದೊಡನೆ ನಾವೆಯನ್ನೇರುವಾಗ ಅವನೂ ಏರಿರುತ್ತಾನೆ. ಕೋಟ್ಯಂತರ ಜನರ ಸಾವು ಹಿನ್ನೆಲೆಯಾಗುತ್ತದೆ, ಒಂದು ಕುಟುಂಬದ ಪುನರ್ಮಿಲನ ಮುಕ್ತಾಯವಾಗುತ್ತದೆ.

‘2012’ ಆರಂಭವಾಗುವುದು ಭಾರತದ ಒಂದು ತಾಮ್ರದ ಗಣಿಯಲ್ಲಿ. ಭೂಗರ್ಭವು ಕಾಯುತ್ತಿರುವುದನ್ನು ಅಮೆರಿಕದ ಗೆಳೆಯನಿಗೆ ತೋರಿಸಿಕೊಡುವವನು ಸತ್ನಾಮ್ ಎಂಬ ಭಾರತೀಯ ವಿಜ್ಞಾನಿ. ಅವನ ಕುಟುಂಬವನ್ನು ಕರೆದೊಯ್ಯಲು ಬರಬೇಕಿದ್ದ ವಿಮಾನ ಬರುವುದೇ ಇಲ್ಲ. ಹೆಂಡತಿ ಮಗನೊಡನೆ ಅವನು ಅಲೆಯ ಎದುರು ನಿಲ್ಲುತ್ತಾನೆ. ಲೋಕವನ್ನು ಎಚ್ಚರಿಸಿದವನಿಗೇ ನಾವೆಯಲ್ಲಿ ಸ್ಥಾನವಿರಲಿಲ್ಲ. ಚಿತ್ರವು ಆ ಅನ್ಯಾಯವನ್ನು ಕ್ಷಣಕಾಲ ಗುರುತಿಸುತ್ತದೆ. ಆದರೆ ಅದಕ್ಕೆ ಉತ್ತರ ಕೊಡಲು ಅದರ ಬಳಿ ಏನೂ ಇಲ್ಲ, ಏಕೆಂದರೆ ಅದು ಬಲ್ಲ ಏಕೈಕ ರಕ್ಷಣೆಯೆಂದರೆ ಬದುಕುಳಿಯುವುದು. ಅದೇ ಚಿತ್ರದಲ್ಲಿ ಸಿಸ್ಟೀನ್ ದೇಗುಲದ ಛಾವಣಿಯು ದೇವರ ಮತ್ತು ಆದಾಮನ ಬೆರಳುಗಳ ನಡುವೆ ಬಿರಿಯುತ್ತದೆ, ಸಂತ ಪೇತ್ರರ ಮಹಾದೇವಾಲಯವು ಪ್ರಾರ್ಥಿಸುತ್ತಿದ್ದ ಜನಸ್ತೋಮದ ಮೇಲೆಯೇ ಉರುಳುತ್ತದೆ. ಇದನ್ನು ಧರ್ಮನಿಂದೆಯೆಂದು ಕೆರಳುವುದಕ್ಕಿಂತ, ಆ ಪ್ರಪಂಚದಲ್ಲಿ ಪ್ರಾರ್ಥನೆಗೆ ಕೆಲಸವಿಲ್ಲದಿರುವುದೇಕೆಂದು ಕೇಳುವುದು ಲೇಸು. ಬದುಕುಳಿಯುವುದೇ ರಕ್ಷಣೆಯಾದಲ್ಲಿ ಮೊಣಕಾಲೂರಿದವನು ಓಡದೆ ಸಮಯ ಕಳೆದವನು ಮಾತ್ರ.

ಹಡಗಿನೊಳಗಿನ ಇಬ್ಬರು ಪಾಲಕರು

ಈ ಪ್ರಕಾರದ ಹಳೆಯ ಚಿತ್ರವೊಂದು ಯಾಜಕರಾದ ನಮಗೆ ವಿಶೇಷವಾಗಿ ಸಂಬಂಧಿಸಿದೆ. ‘ದಿ ಪೊಸೈಡನ್ ಅಡ್ವೆಂಚರ್’ನಲ್ಲಿ ಹೊಸ ವರ್ಷದ ರಾತ್ರಿ ಹಡಗೊಂದು ಭಾರೀ ಅಲೆಗೆ ಸಿಕ್ಕಿ ತಲೆಕೆಳಗಾಗುತ್ತದೆ. ಮೇಲೆ ಬಂದಿರುವ ತಳಭಾಗದ ಕಡೆಗೆ ಹತ್ತಿದರೆ ಮಾತ್ರ ಉಳಿಗಾಲ. ದಾರಿ ತೋರುವ ನಾಯಕನು ಸ್ಕಾಟ್ ಎಂಬ ಪಾದ್ರಿ. ದೇವರಿಗೆ ಬೇಕಾದವರು ಹೋರಾಡುವವರೇ ಹೊರತು ಕೈಚೆಲ್ಲುವವರಲ್ಲ, ಸಹಾಯವನ್ನು ಹೊರಗೆ ಬೇಡದೆ ತನ್ನೊಳಗಿನ ದೈವಿಕ ಶಕ್ತಿಯನ್ನೇ ನಂಬಬೇಕು ಎಂಬುದು ಅವನ ಬೋಧನೆ. ಹಡಗಿನಲ್ಲಿ ಇನ್ನೊಬ್ಬ ವೃದ್ಧ ಪಾದ್ರಿಯೂ ಇದ್ದಾನೆ. ಸ್ಕಾಟ್ ಅವನನ್ನೂ ಕರೆಯುತ್ತಾನೆ. ಗಾಯಗೊಂಡು ಹತ್ತಲಾರದವರನ್ನು ಬಿಟ್ಟು ಬರಲಾರೆನೆಂದು ಆ ವೃದ್ಧನು ಅಲ್ಲೇ ಉಳಿಯುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಆ ಸಭಾಂಗಣಕ್ಕೆ ನೀರು ನುಗ್ಗುತ್ತದೆ. ಸ್ಕಾಟ್‌ನೊಡನೆ ಸೇರಿ ಹೊರಟವರು ಹತ್ತು ಮಂದಿ. ಹೊರಬರುವವರು ಆರು ಮಂದಿ. ಕೊನೆಯ ಅಡೆತಡೆಯ ಮುಂದೆ ಸ್ಕಾಟ್, ಇನ್ನೆಷ್ಟು ಬಲಿ ಬೇಕೆಂದು ದೇವರನ್ನೇ ಜರೆದು, ಉಳಿದವರ ದಾರಿ ತೆರೆಯಲು ತನ್ನ ಪ್ರಾಣವನ್ನು ಕೊಡುತ್ತಾನೆ.

ಸ್ಕಾಟ್‌ನನ್ನು ಹೀಗಳೆಯುವುದು ಸಲ್ಲದು. ಹತ್ತಬಲ್ಲವರನ್ನು ಹತ್ತಿಸುವುದು ಪಾಲಕನ ಕರ್ತವ್ಯವೇ. ಪರರಿಗಾಗಿ ಪ್ರಾಣ ಕೊಡುವುದಕ್ಕಿಂತ ಮಿಗಿಲಾದ ಪ್ರೀತಿಯಿಲ್ಲವೆಂದು ಶುಭಸಂದೇಶವೂ ಸಾರುತ್ತದೆ (ಯೊವಾ 15:13). ಆದರೆ ಅವನ ದೇವರು ಬಲಶಾಲಿಗಳ ದೇವರು. ಹತ್ತಲಾರದವರಿಗೆ ಹೇಳಲು ಅವನ ಬಳಿ ಮಾತಿಲ್ಲ. ಚಿತ್ರದ ಒಲವು ಅವನ ಕಡೆಗಿದೆ. ವೃದ್ಧ ಪಾದ್ರಿಯನ್ನು ಅದು ಕೆಲವೇ ನಿಮಿಷಗಳಲ್ಲಿ ಮರೆಯುತ್ತದೆ. ಆಸ್ಪತ್ರೆಯ ಕೊನೆಯ ಹಾಸಿಗೆಗಳ ಬಳಿ ನಿಲ್ಲುವ ಯಾಜಕನಿಗಾದರೋ ತಾನು ಈ ಇಬ್ಬರಲ್ಲಿ ಯಾರ ಪಕ್ಕದಲ್ಲಿ ಹೆಚ್ಚು ಕಾಲ ನಿಂತಿರುತ್ತೇನೆಂಬುದು ತಿಳಿದಿದೆ.

ಪವಿತ್ರ ಗ್ರಂಥದ ಎಣಿಕೆ

ಧರ್ಮಗ್ರಂಥವು ಮಡಿದವರನ್ನು ಹೇಗೆ ಎಣಿಸುತ್ತದೆ? ಯೇಸುಸ್ವಾಮಿ ತಮ್ಮ ಕಾಲದ ಅವಘಡವೊಂದರ ಬಗ್ಗೆ ನೇರವಾಗಿ ಮಾತನಾಡಿದ ಪ್ರಸಂಗ ಲೂಕನ ಶುಭಸಂದೇಶದಲ್ಲಿದೆ (13:1-5). ಸಿಲೊವಾಂ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಿದ್ದರು. ಅವರು ಜೆರುಸಲೇಮಿನ ಇತರರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂಬ ಊಹೆಯನ್ನು ಯೇಸು ಸ್ಪಷ್ಟವಾಗಿ ನಿರಾಕರಿಸುತ್ತಾರೆ. ಪಶ್ಚಾತ್ತಾಪದ ಕರೆಯನ್ನು ಉಳಿದವರತ್ತ ತಿರುಗಿಸುತ್ತಾರೆ. ದುರಾಸೆಯವನು ಬೀಳುತ್ತಾನೆ, ಒಳ್ಳೆಯ ತಂದೆ ಪಾರಾಗುತ್ತಾನೆ ಎಂಬ ಚಿತ್ರಕಥೆಯ ಲೆಕ್ಕಾಚಾರಕ್ಕೆ ಇಲ್ಲಿ ಎಡೆಯಿಲ್ಲ.

ಸಂತ ಪೌಲನು ಥೆಸಲೋನಿಯರಿಗೆ ಬರೆದ ಮೊದಲನೆಯ ಪತ್ರದ ಸಂದರ್ಭವೂ ಇದೇ. ಪ್ರಭುವಿನ ಪುನರಾಗಮನಕ್ಕೆ ಮುನ್ನವೇ ಸತ್ತವರ ಗತಿಯೇನೆಂಬ ಚಿಂತೆ ಆ ಸಭೆಯನ್ನು ಕಾಡುತ್ತಿತ್ತು. ಜೀವದಿಂದ ಉಳಿದಿರುವ ನಾವು ಮೃತರಿಗಿಂತ ಮುಂದಾಗುವುದಿಲ್ಲ, ಕ್ರಿಸ್ತರಲ್ಲಿ ಮೃತರಾದವರೇ ಮೊದಲು ಎದ್ದೇಳುವರು ಎಂಬುದು ಪೌಲನ ಉತ್ತರ (4:15-16). ‘ಉಳಿದಿರುವವರು’ ಎಂಬ ಪದವನ್ನು ಅವನು ಎರಡು ಸಲ ಬಳಸುವುದು ಅವರಿಗೆ ಯಾವ ಅಗ್ರಸ್ಥಾನವೂ ಇಲ್ಲವೆಂದು ತಿಳಿಸುವುದಕ್ಕಾಗಿ. ವಿಪರ್ಯಾಸವೆಂದರೆ ಇದೇ ಅಧ್ಯಾಯದ 17ನೆಯ ವಚನವನ್ನು ಆಧರಿಸಿ, ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿಯವರ ಮೂಲಕ ಹರಡಿದ ಬೋಧನೆಯು, ಆಯ್ದವರು ಗುಟ್ಟಾಗಿ ಮೇಲಕ್ಕೆತ್ತಲ್ಪಟ್ಟು ಇತರರು ವಿಪತ್ತಿಗೆ ಉಳಿಯುವರೆಂಬ ಕಥೆಯನ್ನು ಕಟ್ಟಿತು. ‘ಲೆಫ್ಟ್ ಬಿಹೈಂಡ್’ ಕಾದಂಬರಿಗಳೂ ಚಿತ್ರಗಳೂ ಅದರಿಂದಲೇ ಹುಟ್ಟಿದವು. ದುಃಖಿತರ ಸಾಂತ್ವನಕ್ಕಾಗಿ ಬರೆದ ಮಾತು ನಾವೆಯ ಟಿಕೆಟ್ಟಾಗಿ ಮಾರ್ಪಟ್ಟಿತು.

ಪ್ರಕಟನಾ ಗ್ರಂಥದಲ್ಲೂ ವಿನಾಶದ ಭೀಕರ ದೃಶ್ಯಗಳಿವೆಯಲ್ಲವೇ ಎಂದು ಕೇಳಬಹುದು. ನಿಜ. ಆದರೆ ಅಲ್ಲಿ ಮುದ್ರೆಗಳನ್ನು ಒಡೆಯುವವರು ವಧೆಯಾದ ಯಜ್ಞದ ಕುರಿಮರಿ. ಐದನೆಯ ಮುದ್ರೆ ಒಡೆದಾಗ ಕಾಣುವುದು ಬಲಿಪೀಠದ ಕೆಳಗೆ ಕೊಲೆಯಾದವರ ಆತ್ಮಗಳು. ಇನ್ನೆಷ್ಟು ಕಾಲವೆಂದು ಅವರು ಮೊರೆಯಿಡುತ್ತಾರೆ, ಅವರಿಗೆ ಶುಭ್ರ ವಸ್ತ್ರವೂ ಉತ್ತರವೂ ದೊರೆಯುತ್ತವೆ (6:9-11). ಮಡಿದವರಿಗೆ ಇಲ್ಲಿ ಧ್ವನಿಯಿದೆ. ಏಳನೆಯ ಅಧ್ಯಾಯದಲ್ಲಿ ಯೊವಾನ್ನನು 1,44,000 ಎಂಬ ಸಂಖ್ಯೆಯನ್ನು ಕೇಳುತ್ತಾನೆ. ಆದರೆ ತಿರುಗಿ ನೋಡಿದಾಗ ಯಾರಿಂದಲೂ ಎಣಿಸಲಾಗದ ಮಹಾಸಮೂಹ ಕಾಣುತ್ತದೆ. ಆಸನಗಳ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. ಹದಿನೆಂಟನೆಯ ಅಧ್ಯಾಯದಲ್ಲಿ ಬಾಬಿಲೋನ್ ಉರಿಯುವಾಗ ದೂರದಲ್ಲಿ ನಿಂತು ನೋಡಿ ಗೋಳಾಡುವವರು ಅವಳಿಂದ ಲಾಭ ಪಡೆದ ಅರಸರು, ವರ್ತಕರು, ನಾವಿಕರು. ಲುಕ್ರೇಶಿಯಸನ ದಡವು ಇಲ್ಲಿಯೂ ಇದೆ. ಆದರೆ ದಡದಲ್ಲಿರುವವನೂ ತೀರ್ಪಿಗೆ ಒಳಗಾಗಿದ್ದಾನೆ. ಕೊನೆಗೆ ಕಡಲು ತನ್ನಲ್ಲಿದ್ದ ಮೃತರನ್ನು ಒಪ್ಪಿಸುತ್ತದೆ (20:13). ಸತ್ನಾಮನ ಕುಟುಂಬಕ್ಕೆ ಚಿತ್ರವು ಕೊಡಲಾಗದ ಉತ್ತರವಿದು: ನೀರು ನುಂಗಿದ್ದು ದೇವರ ಲೆಕ್ಕದಿಂದ ಕಳೆದುಹೋಗಿಲ್ಲ.

ನೋವನ ನಾವೆಯ ಕಥೆ ಸ್ವತಃ ಬದುಕುಳಿದವರ ಕಥೆಯಲ್ಲವೇ ಎಂಬ ಆಕ್ಷೇಪವೂ ಉಳಿಯುತ್ತದೆ. ಆದಿಕಾಂಡದಲ್ಲಿ ಮುಳುಗಿದವರಿಗೆ ಹೆಸರಿಲ್ಲವೆಂಬುದು ಸತ್ಯ. ಆದರೆ ಆ ವೃತ್ತಾಂತವು ದೇವರ ಮನೋವೇದನೆಯಿಂದ ಆರಂಭವಾಗಿ, ಇನ್ನೆಂದಿಗೂ ಹೀಗಾಗದೆಂಬ ಒಡಂಬಡಿಕೆಯಲ್ಲಿ ಮುಗಿಯುತ್ತದೆ. ಅಷ್ಟೇ ಅಲ್ಲ, ಸಂತ ಪೇತ್ರನ ಮೊದಲನೆಯ ಪತ್ರವು ಕ್ರಿಸ್ತರು ಸೆರೆಯಲ್ಲಿದ್ದ ಆತ್ಮಗಳಿಗೆ, ಅಂದರೆ ನೋವನ ದಿನಗಳಲ್ಲಿ ಅವಿಧೇಯರಾಗಿದ್ದವರಿಗೆ, ಸಂದೇಶ ಸಾರಿದರೆಂದು ಹೇಳುತ್ತದೆ (3:19-20). ಈ ಕಠಿಣ ವಚನದ ಬಗ್ಗೆ ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಸಂತ ಅಗಸ್ಟೀನರೇ ಇದನ್ನು ಬೇರೆ ರೀತಿಯಲ್ಲಿ ಓದಿದರು. ಹೀಗಿದ್ದರೂ, ಕ್ರಿಸ್ತರು ಮೃತರ ಲೋಕಕ್ಕೆ ಇಳಿದರೆಂದು ವಿಶ್ವಾಸಪ್ರಮಾಣದಲ್ಲಿ ಪಠಿಸುವ ಧರ್ಮಸಭೆಯು, ನಾವೆಯ ಹೊರಗೆ ಉಳಿದವರ ಕುರಿತು ಮೌನವೇ ಕೊನೆಯ ಮಾತೆಂದು ಒಪ್ಪುವುದಿಲ್ಲ.

ಬೋಧಪೀಠದ ಹೊಣೆ

ಈ ವಿವೇಚನೆಯಿಂದ ನಮ್ಮ ಸೇವೆಗೆ ಮೂರು ಮಾತುಗಳು ಹೊಮ್ಮುತ್ತವೆ. ಮೊದಲನೆಯದಾಗಿ, ಆರಾಧನಾ ವರ್ಷದ ಕೊನೆಯ ಭಾನುವಾರಗಳಲ್ಲಿ ಮತ್ತು ಆಗಮನ ಕಾಲದ ಮೊದಲ ಭಾನುವಾರದಂದು ಯುಗಾಂತ್ಯದ ವಾಚನಗಳು ಬಂದಾಗ, ಚಿತ್ರಗಳ ಭೀತಿಯನ್ನು ಎರವಲು ತಂದು ಜನರನ್ನು ನಡುಗಿಸುವ ಪ್ರಲೋಭನೆಯನ್ನು ತೊರೆಯಬೇಕು. ಈ ಸೂಚನೆಗಳು ಕಾಣಿಸಿದಾಗ ತಲೆ ತಗ್ಗಿಸದೆ ತಲೆಯೆತ್ತಲು ಪ್ರಭು ಕಲಿಸಿದರು (ಲೂಕ 21:28). ಹೊಸ ಭೂಮಿಯ ನಿರೀಕ್ಷೆಯು ಈ ಭೂಮಿಯ ಕುರಿತಾದ ಕಾಳಜಿಯನ್ನು ಕುಂದಿಸದೆ ಹೆಚ್ಚಿಸಬೇಕೆಂದು ಎರಡನೇ ವ್ಯಾಟಿಕನ್ ಮಹಾಸಭೆಯು ‘ಗೌದಿಯುಮ್ ಎತ್ ಸ್ಪೆಸ್’ ದಸ್ತಾವೇಜಿನ 39ನೆಯ ಪರಿಚ್ಛೇದದಲ್ಲಿ ಬೋಧಿಸಿದೆ.

ಎರಡನೆಯದಾಗಿ, ಯುವಜನರೊಡನೆ ಈ ಚಿತ್ರಗಳನ್ನು ನೋಡಿ ಚರ್ಚಿಸಲು ಹಿಂಜರಿಯಬೇಕಿಲ್ಲ. ಒಂದೇ ಪ್ರಶ್ನೆ ಸಾಕು: ಈ ಕಥೆಯಲ್ಲಿ ಸತ್ತವರನ್ನು ಯಾರು ನೆನೆಯುತ್ತಾರೆ? 2018ರ ಆಗಸ್ಟ್‌ನಲ್ಲಿ ಕೇರಳವನ್ನು ಮುಳುಗಿಸಿದ ಪ್ರವಾಹವನ್ನು ಕುರಿತು ಜೂಡ್ ಆಂಟನಿ ಜೋಸೆಫ್ ನಿರ್ದೇಶಿಸಿದ ಮಲಯಾಳಂ ಚಿತ್ರ ‘2018’ ಈ ಚರ್ಚೆಗೆ ಉಪಯುಕ್ತ. ಅದೇ ತಿಂಗಳು ನಮ್ಮ ಕೊಡಗಿನ ಗುಡ್ಡಗಳೂ ಕುಸಿದಿದ್ದವು. ಅಲ್ಲಿ ನಾವೆಗಳೆಂದರೆ ಮೀನುಗಾರರ ದೋಣಿಗಳು, ಆಸನಕ್ಕೆ ಬೆಲೆಯಿಲ್ಲ, ಇತರರನ್ನು ಉಳಿಸಲು ಹೋದ ಮುಖ್ಯ ಪಾತ್ರವೇ ಪ್ರಾಣ ಕಳೆದುಕೊಳ್ಳುತ್ತದೆ. ವಿಪತ್ತನ್ನು ಕಣ್ಣಾರೆ ಕಂಡ ನಾಡು ಹೇಳಿದ ಕಥೆಯಲ್ಲಿ ಸತ್ತವರಿಗೆ ಮುಖವಿದೆ.

ಮೂರನೆಯದು ಹೆಚ್ಚು ಗಂಭೀರವಾದುದು. ನಿಜವಾದ ವಿಪತ್ತು ಎರಗಿದಾಗ ಯಾಜಕನ ಮುಂದೆ ನಿಲ್ಲುವವರು ಒಂದು ಕಡೆ ಬದುಕುಳಿದವರು, ಇನ್ನೊಂದು ಕಡೆ ಮಡಿದವರು. ದೇವರು ನಿಮ್ಮನ್ನು ಉಳಿಸಿದನು ಎಂದು ಬದುಕುಳಿದವನಿಗೆ ಸುಲಭವಾಗಿ ಹೇಳುವ ಮಾತು, ಪಕ್ಕದಲ್ಲಿ ಮಗುವನ್ನು ಕಳೆದುಕೊಂಡು ನಿಂತ ತಾಯಿಯ ಕಿವಿಗೆ ಬೇರೊಂದು ಅರ್ಥದಲ್ಲಿ ಬೀಳುತ್ತದೆ. 2024ರ ಜುಲೈ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲೆಯಲ್ಲಿ ಭೂಕುಸಿತವಾದ ಬಳಿಕ, ಗುರುತು ಸಿಗದ ದೇಹಗಳನ್ನೂ ದೇಹಭಾಗಗಳನ್ನೂ ಪುತ್ತುಮಲೆಯಲ್ಲಿ ಸರ್ವಧರ್ಮ ಪ್ರಾರ್ಥನೆಯೊಡನೆ ಮಣ್ಣುಮಾಡಲಾಯಿತು. ಗೋರಿಗಳ ಮೇಲೆ ಹೆಸರಿರಲಿಲ್ಲ, ಡಿಎನ್ಎ ಮಾದರಿಯ ಸಂಖ್ಯೆಗಳಿದ್ದವು. ಬದುಕುಳಿಯುವುದೇ ರಕ್ಷಣೆಯೆಂದು ನಂಬಿದವನು ಅಂಥ ಗೋರಿಗಳ ನಡುವೆ ನಿಂತು ಏನನ್ನು ಪ್ರಾರ್ಥಿಸಬಲ್ಲನು?

ಧರ್ಮಸಭೆಗೆ ಅಲ್ಲಿ ಹೇಳಲು ಮಾತಿದೆ; ಅದು ಬಲಿಪೂಜೆಯಲ್ಲಿದೆ. ನಾಲ್ಕನೆಯ ಪರಮಪ್ರಸಾದ ಪ್ರಾರ್ಥನೆಯಲ್ಲಿ ನಾವು ಕ್ರಿಸ್ತರ ಶಾಂತಿಯಲ್ಲಿ ನಿಧನರಾದವರನ್ನು ಮಾತ್ರವಲ್ಲ, ಯಾರ ವಿಶ್ವಾಸವನ್ನು ದೇವರೊಬ್ಬರೇ ಬಲ್ಲರೋ ಆ ಮೃತರನ್ನೂ ಸ್ಮರಿಸುತ್ತೇವೆ. ಸಂಖ್ಯೆಯಾಗಿ ಉಳಿದವರನ್ನು ಹೆಸರಿನಿಂದ ಬಲ್ಲವರೊಬ್ಬರು ಇದ್ದಾರೆಂಬ ವಿಶ್ವಾಸದಿಂದಲೇ ಈ ಸ್ಮರಣೆ ನಡೆಯುತ್ತದೆ. ಪ್ರಳಯ ಚಿತ್ರಗಳು ಎಬ್ಬಿಸುವ ಭಯಕ್ಕೂ ಹಂಬಲಕ್ಕೂ ನಾವು ನೀಡಬೇಕಾದ ಉತ್ತರ ಇದೇ ಆಗಿದೆ. ಬಲಿಪೀಠದ ಮುಂದೆ ಆ ಸಾಲುಗಳನ್ನು ಅವಸರವಿಲ್ಲದೆ, ಕೇಳುವವರಿಗೆ ಅರ್ಥವಾಗುವಂತೆ ಉಚ್ಚರಿಸುವುದರಿಂದ ಆ ಉತ್ತರವನ್ನು ಆರಂಭಿಸಬಹುದು.